ತಕರಾರು ತಿದ್ದಿದ ವೈನಿ

ನಮ್ಮ ವೈನಿಗೆ ದಯವಿಟ್ಟು ಮೊಬೈಲಿನಲ್ಲಿ ‘ಶುಭ ಮುಂಜಾನೆ’ ಎಂದು ಕಳಿಸಬೇಡಿ. ಹೂವು ಹಾಕಿ, ಸೂರ್ಯನನ್ನು ಹಾಕಿ, ಹೊಗೆಯಾಡುವ ಚಹಾದ ಕಪ್ಪು ಹಾಕಿ, ಬರುವ ಉತ್ತರ ಒಂದೇ: ‘ಯಾವ ಆಧಾರದ ಮ್ಯಾಲ?’ ನಮ್ಮ ಬಳಗದ ಗುಂಪಿನಲ್ಲಿ ಒಂದು ಕಾಲಕ್ಕೆ ಸೂರ್ಯ ಏಳುವ ಮೊದಲೇ ಶುಭ ಮುಂಜಾನೆಗಳು ರಾಶಿ ಬೀಳುತ್ತಿದ್ದವು. ಈಗ ಹುಣ್ಣಿಮೆಗೋ ಅಮಾವಾಸ್ಯೆಗೋ ಯಾರಾದರೂ ಒಬ್ಬರು ಧೈರ್ಯ ಮಾಡುತ್ತಾರೆ. ಬೇವಿನೆಲೆ ಅರೆದು ಕುಡಿದರೆ ಸಕ್ಕರೆ ಕಾಯಿಲೆ ಬೇರು ಸಮೇತ ಹೋಗುತ್ತದೆ ಎಂದು ಹಾಕಿದ್ದ ದೂರದ ಮಾವನವರು ಒಬ್ಬರಿದ್ದರು. ವೈನಿಯ ಮೂರು ಪ್ರಶ್ನೆಗಳಿಗೆ ಕಾಯಿಲೆಯ ಬದಲು ಅವರೇ ಗುಂಪಿನಿಂದ ಹೋದರು!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಬೇರೆ ಕಡೆಯವರು ಅತ್ತಿಗೆ ಎನ್ನುವವರಿಗೆ ನಾವು ವೈನಿ ಎನ್ನುತ್ತೇವೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಈ ಬರಹಕ್ಕೂ ಸಾಕ್ಷಿ ಕೇಳುತ್ತಾರೆ, ನನ್ನ ಬಳಿ ಇಲ್ಲ.

ಅಫಜಲಪುರದ ಒಂದು ಕಾಲೇಜಿನಲ್ಲಿ ಅವರು ಬಿ.ಕಾಂ. ಮಕ್ಕಳಿಗೆ ಅಕೌಂಟೆನ್ಸಿ ಕಲಿಸುತ್ತಾರೆ. ಅತಿಥಿ ಉಪನ್ಯಾಸಕಿ. ಅತಿಥಿಯನ್ನು ದೇವರೆಂದು ತಿಳಿಯಿರಿ ಎಂದು ಹಿರಿಯರು ಹೇಳಿದ್ದಾರಲ್ಲ, ಅದು ಈ ಅತಿಥಿಗಳಿಗೆ ಅನ್ವಯಿಸುವುದಿಲ್ಲ. ಇವರು ಪ್ರತಿ ವರ್ಷ ಹೊಸದಾಗಿ ಬಾಗಿಲಲ್ಲಿ ನಿಂತು ‘ಒಳಗ ಬರಲೇನ್ರಿ?’ ಎಂದು ಕೇಳಬೇಕು. ಪ್ರಾಚಾರ್ಯರು ಶಿಫಾರಸು ಬರೆದರೆ ಒಳಗೆ, ಬರೆಯದಿದ್ದರೆ ಮನೆಗೆ. ಪರೀಕ್ಷೆಗಳು ಹತ್ತಿರ ಬರುತ್ತಿದ್ದಂತೆ ವೈನಿ ಮನೆಯಲ್ಲಿ ವಿನಾಕಾರಣ ಪಾತ್ರೆ ಜೋಡಿಸತೊಡಗುತ್ತಾರೆ. ಶಿಫಾರಸಿನ ಕಾಲ ಬಂತೆಂದು ನಮಗೆ ಗೊತ್ತಾಗುವುದು ಆ ಸದ್ದಿನಿಂದ. ನರೋಣಾದ ತವರಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಎಂ.ಕಾಂ. ಮುಗಿಸಿದವರು. ಆ ಕ್ಲಾಸೆಂದರೆ ಅವರಿಗೆ ಜೀವ.

ಇನ್ನು ನನ್ನ ಕಥೆ. ಅದೇ ಕಾಲೇಜಿನ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಪರೀಕ್ಷೆಗೆ ಬರುವ ‘ಅತಿ ಮುಖ್ಯ ಪ್ರಶ್ನೆಗಳು, ಉತ್ತರ ಸಹಿತ’ ಎಂಬ ಗೈಡನ್ನು ನಾನೇ ಟೈಪು ಮಾಡಿ, ನಾನೇ ಪಿನ್ ಹೊಡೆದು ಮಾರುತ್ತೇನೆ. ಅಂದರೆ ರಸ್ತೆಯ ಆ ಕಡೆ ವೈನಿ ಮಕ್ಕಳಿಗೆ ವಿಚಾರ ಮಾಡುವುದನ್ನು ಕಲಿಸುತ್ತಾರೆ, ಈ ಕಡೆ ನಾನು ವಿಚಾರ ಮಾಡದೆ ಪಾಸಾಗುವುದನ್ನು ಮಾರುತ್ತೇನೆ. ಒಂದೇ ಮನೆಯಲ್ಲಿ ರೋಗವೂ ಔಷಧವೂ ಇದ್ದಂತೆ. ಯಾರು ರೋಗ, ಯಾರು ಔಷಧ ಎಂಬುದನ್ನು ನೀವೇ ತೀರ್ಮಾನಿಸಿ. ವಿದ್ಯಾರ್ಥಿಗಳಂತೂ ಬಹಳ ದಿನ ನನ್ನ ಕಡೆಗೇ ಇದ್ದರು!

ಮೊದಲು ವೈನಿಯೂ ಎಲ್ಲರ ಹಾಗೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ಮಕ್ಕಳು ಬರೆದುಕೊಳ್ಳಲು ಬಿಟ್ಟು, ಬೆಲ್ಲು ಹೊಡೆದಾಗ ಮನೆಗೆ ಬರುವ ಸಂಭಾವಿತ ಮೇಡಂ ಆಗಿದ್ದರು. ಕೆಡಿಸಿದ್ದು ನನ್ನ ಗೈಡು. ಒಂದು ಲೆಕ್ಕದ ಉತ್ತರದಲ್ಲಿ ಒಂಬತ್ತರ ಜಾಗಕ್ಕೆ ಆರು ಬಿತ್ತು. ಕೀಬೋರ್ಡಿನ ಆರೂ ಒಂಬತ್ತೂ ಹೆಚ್ಚು ದೂರವಿಲ್ಲ, ಬೆರಳು ದಪ್ಪಗಿವೆ, ಅಂಗಡಿಯಲ್ಲಿ ಗದ್ದಲ. ಟೈಪು ಮಾಡುವವನೇನು ದೇವರೇ? ವೈನಿ ಗೊತ್ತಿಲ್ಲದೆ ಅದೇ ಲೆಕ್ಕವನ್ನು ಕ್ಲಾಸ್ ಟೆಸ್ಟಿನಲ್ಲಿ ಕೊಟ್ಟರು. ಸಂಜೆ ಉತ್ತರ ಪತ್ರಿಕೆಗಳನ್ನು ಹಾಸಿಕೊಂಡು ಕುಳಿತವರು ಕೂಗಿದರು.

‘ತಮ್ಮಾ, ಜರಾ ಬಾ ಇಲ್ಲಿ. ನನ್ನ ಇಡೀ ಕ್ಲಾಸು ನಿನ್ನ ಉತ್ತರಕ್ಕ ಬಂದು ನಿಂತದ ನೋಡು.’

‘ಛಲೋ ಆತಲ್ರಿ ವೈನಿ.’

‘ನಿನ್ನ ಉತ್ತರ ತಪ್ಪದ!’

ನೋಡಿದೆ. ಅದೊಂದು ಅದ್ಭುತ! ಲೆಕ್ಕ ಸರಿ ಮಾಡಿದರೆ ಬರಲು ಸಾಧ್ಯವೇ ಇಲ್ಲದ ಉತ್ತರಕ್ಕೆ ಎಲ್ಲರೂ ಬಂದಿದ್ದರು, ಒಬ್ಬೊಬ್ಬರು ಒಂದೊಂದು ದಾರಿಯಿಂದ. ಒಬ್ಬ ಯಂತ್ರದ ಸವಕಳಿಯನ್ನು ಎರಡೆರಡು ಸಲ ಕಳೆದು ಯಂತ್ರವನ್ನು ಸವೆಸಿಯೇ ಬಿಟ್ಟಿದ್ದ. ಇನ್ನೊಬ್ಬ ಕೊಟ್ಟ ಬಾಡಿಗೆಯನ್ನು ಬಂದ ಬಾಡಿಗೆ ಮಾಡಿದ್ದ. ಮತ್ತೊಬ್ಬನು ಪ್ರಶ್ನೆಯಲ್ಲಿ ಇಲ್ಲವೇ ಇಲ್ಲದ ‘ಇತರೆ ಖರ್ಚು’ ಹುಟ್ಟಿಸಿದ್ದ. ಕರಜಗಿಯಿಂದ ಬರುವ ಭಾಗ್ಯಶ್ರೀ ಎಂಬ ಜಾಣ ಹುಡುಗಿ ಇದಾವುದಕ್ಕೂ ಕೈಹಾಕದೆ, ಕೂಡದೆ ಉಳಿದದ್ದನ್ನೆಲ್ಲ ಸಸ್ಪೆನ್ಸ್ ಖಾತೆಗೆ ತಳ್ಳಿ ಕೆಳಗೆ ಎರಡು ಗೆರೆ ಎಳೆದಿದ್ದಳು. ಸಸ್ಪೆನ್ಸ್ ಖಾತೆ ಎಂದರೆ ಎರಡು ಬದಿ ತಾಳೆಯಾಗದಿದ್ದಾಗ, ತಪ್ಪು ಸಿಗುವ ತನಕ ವ್ಯತ್ಯಾಸವನ್ನು ಇಡುವ ಜಾಗ. ನಮ್ಮ ಮಕ್ಕಳಿಗೆ ಅದು ಮಂಚದ ಕೆಳಗಿನ ಜಾಗವಿದ್ದಂತೆ, ಕಸ ಗುಡಿಸಿ ಅಲ್ಲಿಗೆ ಸರಿಸಿದರೆ ಮನೆ ಸ್ವಚ್ಛ.

ಬೇರೆಯವರಾಗಿದ್ದರೆ ಸಿಟ್ಟಿಗೇಳುತ್ತಿದ್ದರು. ವೈನಿ ಆನಂದದಿಂದ ಎದ್ದು ನಿಂತರು. ‘ಇಷ್ಟು ತಲಿ ಅದ ಈ ಹುಡುಗರಿಗೆ! ತಪ್ಪು ಉತ್ತರಕ್ಕ ಇಷ್ಟು ದಾರಿ ಹುಡುಕಿದವರು ಖರೇ ಉತ್ತರಕ್ಕ ಒಂದು ದಾರಿ ಹುಡುಕಾಂಗಿಲ್ಲೇನು?’

ಅದೇ ವೇಳೆಗೆ ಸರಿಯಾಗಿ ಕಡಗಂಚಿಯ ಕಡೆ ಎಲ್ಲೋ ಅಧ್ಯಾಪಕರಿಗೆ ವಿಮರ್ಶಾತ್ಮಕ ಚಿಂತನೆಯ ತರಬೇತಿ ಎಂದು ಕರೆ ಬಂತು. ಉಳಿದವರೆಲ್ಲ ಊಟ ಮಾಡಿ, ಫೋಟೋ ತೆಗೆಸಿಕೊಂಡು, ಚೀಲ ತೆಗೆದುಕೊಂಡು ವಾಪಸಾದರು. ನಮ್ಮ ವೈನಿ ಒಬ್ಬರೇ ಅಲ್ಲಿ ಹೇಳಿದ್ದನ್ನು ನಂಬಿ ಬಂದವರು. ಯಾವುದನ್ನೂ ಹಾಗೆಯೇ ನಂಬಬಾರದು ಎಂಬುದನ್ನು ಮಾತ್ರ ಹಾಗೆಯೇ ನಂಬಿಬಿಟ್ಟರು!

ಮರುದಿನದಿಂದ ಕ್ಲಾಸಿನಲ್ಲಿ ಬೋರ್ಡು ಖಾಲಿ. ಪುಸ್ತಕದಲ್ಲಿ ‘ಮುಕ್ತಾಯದ ಸರಕು ಇಷ್ಟು’ ಎಂದಿದ್ದರೆ, ‘ಯಾರು ಎಣಿಸಿದ್ರು? ಚೀಲ ಬಿಚ್ಚಿ ನೋಡ್ಯಾರೇನು? ಒಳಗ ತೊಗರಿ ಅದನೋ ಹೊಟ್ಟದನೋ?’ ಎನ್ನುತ್ತಾರೆ. ‘ಸಾಲಗಾರರು ಇಷ್ಟು’ ಎಂದಿದ್ದರೆ ‘ಅವರು ಬದುಕಿದಾರೇನು?’ ಎನ್ನುತ್ತಾರೆ. ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಕೂಡಿತೆಂದು ಯಾರಾದರೂ ಹಿಗ್ಗಿ ಕೈಯೆತ್ತಿದರೆ, ‘ಕೂಡಿತು ಅಂದ್ರ ಖರೇ ಅಂತ ಯಾರು ಹೇಳ್ಯಾರ? ಎರಡು ಸುಳ್ಳು ಸೇರಿನೂ ಕೂಡ್ತಾವ’ ಎಂದು ಕೂರಿಸುತ್ತಾರೆ. ಮಕ್ಕಳು ಕಂಗಾಲು. ಉತ್ತರ ಕೇಳಿ ಬಂದವರಿಗೆ ಪ್ರಶ್ನೆ ಕಟ್ಟಿ ಕಳಿಸಿದರೆ ಯಾರಿಗೆ ತಾನೇ ಸೇರುತ್ತದೆ?

ಸರಕು ಎಂದರೇನು ಎಂದು ಕಣ್ಣಾರೆ ತೋರಿಸಬೇಕೆಂದು ಒಂದು ದಿನ ಇಡೀ ಕ್ಲಾಸನ್ನು ಕರೆದುಕೊಂಡು ರಸ್ತೆ ದಾಟಿದರು. ಎಲ್ಲಿಗೆ? ಇನ್ನೆಲ್ಲಿಗೆ, ನನ್ನ ಅಂಗಡಿಗೆ! ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ಶೇಂಗಾ ಹಿಂಡಿ ಬಡಿಸುವಾಗ ಒಂದು ಮಾತು ಹೇಳಿರಲಿಲ್ಲ. ಮಕ್ಕಳು ಟೇಬಲ್ಲಿನ ಕೆಳಗೆ ನುಗ್ಗಿದರು, ಅಟ್ಟ ಹತ್ತಿದರು. ನಾನು ಜೋಪಾನ ಮಾಡಿಟ್ಟಿದ್ದ ಹಳೆಯ ಗೈಡುಗಳ ಕಟ್ಟುಗಳನ್ನು ಒಂದೊಂದೇ ಹೊರಗೆಳೆದರು.

‘ಅಣ್ಣಾರ, ಇದು ಹಳೇ ಸಿಲೆಬಸ್ ಅದ್ರಿ’ ಎಂದಳು ಭಾಗ್ಯಶ್ರೀ.

‘ಇರ್ಲಿ ಬಿಡವ್ವ, ಸಿಲೆಬಸ್ ತಿರುಗಿ ಬಂದ್ರೂ ಬರಬಹುದು’ ಎಂದೆ.

‘ಯಾವ ಆಧಾರದ ಮ್ಯಾಲ್ರಿ?’

ಅವಳ ಹಿಂದೆ ವೈನಿಯ ಮುಖ ನೋಡಬೇಕಿತ್ತು! ಮಗು ಮೊದಲ ಹೆಜ್ಜೆ ಇಟ್ಟಾಗ ತಾಯಿಯ ಮುಖ ಹಾಗಾಗುತ್ತದೆ. ಆಮೇಲೆ ಮಕ್ಕಳೆಲ್ಲ ಅಲ್ಲೇ ನಿಂತು ಚರ್ಚೆ ಮಾಡಿ, ಕೊಂಡ ಬೆಲೆ ಮತ್ತು ಈಗ ಮಾರಿದರೆ ಬರುವ ಬೆಲೆ ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಹಿಡಿಯಬೇಕೆಂದು ತೀರ್ಮಾನಿಸಿ, ನನ್ನ ಅಷ್ಟೂ ಆಸ್ತಿಯನ್ನು ರದ್ದಿಗೆ ಇಳಿಸಿದರು. ಭಜಿ ಕಟ್ಟಿಕೊಡಲು ಕಾಗದ ಕೊಳ್ಳುವವನು ಏನು ಕೊಡುತ್ತಾನೋ ಅದೇ ಅದರ ಕಿಮ್ಮತ್ತು! ನಾನು ಎದ್ದಾಗ ಬಂಡವಾಳಗಾರ, ಮಧ್ಯಾಹ್ನಕ್ಕೆ ರದ್ದಿಯವ.

ಅದು ಅಲ್ಲಿಗೇ ಮುಗಿದಿದ್ದರೆ ನಾನು ಇಷ್ಟೊತ್ತಿಗೆ ಸಂಸಾರಿಯಾಗಿರುತ್ತಿದ್ದೆ. ಮುಗಿಯಲಿಲ್ಲ. ಮುಂದಿನ ವಾರವೇ ಜೇವರ್ಗಿಗೆ ನನಗೆ ಹೆಣ್ಣು ನೋಡಲು ಹೋದೆವು. ಮಂಡಕ್ಕಿಯ ಸುಸಲಾ ಬಂತು, ಮಿರ್ಚಿ ಭಜಿ ಬಂತು, ಹುಡುಗಿಯೂ ಬಂದು ಕುಳಿತಳು. ಎಲ್ಲಾ ಹೂವೆತ್ತಿದಂತೆ ನಡೆದಿತ್ತು. ನಮ್ಮ ಕಡೆಯ ಹಿರಿಯರೊಬ್ಬರು ಮೀಸೆ ತೀಡುತ್ತ, ‘ಹುಡುಗನ ಧಂದೆ ಭಾರೀ ನಡದದ್ರಿ, ಅಂಗಡಿ ತುಂಬ ಮಾಲದ’ ಎಂದರು. ನಾನು ನಮ್ರವಾಗಿ ನೆಲ ನೋಡಿದೆ. ಪಕ್ಕದಿಂದ ದನಿ ಬಂತು.

‘ಮಾಲದ, ಖರೇ. ಆದ್ರ ಅದರಾಗ ಭಾಳಷ್ಟು ರದ್ದಿ ಅದ್ರಿ. ನಮ್ಮ ಹುಡುಗರು ಹೋದ ವಾರ ನೋಡ್ಯಾರ.’

ವೈನಿ ಅದನ್ನು ದ್ವೇಷದಿಂದ ಹೇಳಲಿಲ್ಲ. ಒಂದು ವಾಕ್ಯ ತಪ್ಪಾಗಿತ್ತು, ತಿದ್ದಿದರು, ಅಷ್ಟೇ. ಬಾಗಿಲ ಆಚೆ ಯಾರೋ ಕಿಸಕ್ಕನೆ ನಕ್ಕರು. ‘ವಿಚಾರ ಮಾಡಿ ತಿಳಸ್ತೇವ್ರಿ’ ಎಂದರು ಹುಡುಗಿಯ ತಂದೆ. ಇನ್ನೂ ವಿಚಾರ ಮಾಡುತ್ತಿದ್ದಾರೆ! ವಿಚಾರ ಮಾಡುವುದನ್ನು ಎಲ್ಲರಿಗೂ ಕಲಿಸಿದರೆ ಆಗುವ ಅನಾಹುತ ಇದು.

ಅಣ್ಣ ಇದನ್ನೆಲ್ಲ ಹೇಗೆ ತಡೆದುಕೊಳ್ಳುತ್ತಾನೆಂದು ನೀವು ಕೇಳಬಹುದು. ಅಣ್ಣ ಬಸ್ ಕಂಡಕ್ಟರ್. ಪ್ರಶ್ನೆ ಕೇಳುವವರನ್ನು ಸಂಭಾಳಿಸುವುದು ಅವನಿಗೆ ಹೊಸದಲ್ಲ. ವೈನಿ ಎರಡನೆಯ ಪ್ರಶ್ನೆಗೆ ಬಾಯಿ ತೆರೆದರೆ ‘ಮುಂದ ಸರೀರಿ, ಮುಂದ ಸರೀರಿ’ ಎಂದು ಅಡುಗೆ ಮನೆಯಿಂದ ಪಡಸಾಲೆಗೆ ತಾನೇ ಸರಿದುಬಿಡುತ್ತಾನೆ. ಕೆಟ್ಟದ್ದು ಅವ್ವನ ಪರಿಸ್ಥಿತಿ. ಓಣಿಯ ಹೆಂಗಸರು ಮಧ್ಯಾಹ್ನ ಬಂದು ಯಾರ ಸೊಸೆ ತವರಿಗೆ ಹೋದಳು, ಯಾರ ಮಗ ಯಾರ ಜೊತೆ ಮಾತಾಡಿದ ಎಂದು ಹೇಳಿ ಹೋಗುತ್ತಿದ್ದರು. ವೈನಿ ರಜೆಯ ದಿನಗಳಲ್ಲಿ ‘ನೀವು ನೋಡೀರೇನ್ರಿ? ಇಲ್ಲ, ಕೇಳೀರಿ. ಯಾರಿಂದ ಕೇಳೀರಿ?’ ಎಂದು ವಿಚಾರಿಸಿ ವಿಚಾರಿಸಿ, ಆ ಗಾಳಿ ಅವ್ವನಿಗೂ ತಗುಲಿತು. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ರಸವತ್ತಾದ ಸುದ್ದಿ ತಂದು ಸೀರೆಯ ಪದರಲ್ಲಿ ಬಾಯಿ ಮುಚ್ಚಿಕೊಂಡು ಶುರುಮಾಡುವಷ್ಟರಲ್ಲಿ ಅವ್ವ, ‘ಏನ್ ಬೇ, ಕಣ್ಣಲೆ ಕಂಡಿಯೇನು?’ ಎಂದುಬಿಟ್ಟಳು! ಆಕೆ ಚಹಾ ಅರ್ಧಕ್ಕೆ ಬಿಟ್ಟು ಎದ್ದವಳು ಮತ್ತೆ ಬರಲಿಲ್ಲ. ಊರಿನ ಸುದ್ದಿ ಇಲ್ಲದೆ ಅವ್ವ ಇಳಿದು ಹೋದಳು.

ಇನ್ನು ಅಸಲಿ ಸಂಗತಿಗೆ ಬರುತ್ತೇನೆ. ಪರೀಕ್ಷೆ ಹತ್ತಿರ ಬಂತು, ಮನೆಯಲ್ಲಿ ಪಾತ್ರೆ ಸದ್ದು ಶುರುವಾಯಿತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಭಾಗ್ಯಶ್ರೀ ನಾಲ್ಕೈದು ಗೆಳತಿಯರನ್ನು ಕಟ್ಟಿಕೊಂಡು ಅಂಗಡಿಗೆ ಬಂದಳು. ಮುಖ ಗಂಭೀರ. ಪ್ರಾಚಾರ್ಯರಿಗೆ ಒಂದು ಅರ್ಜಿ ಟೈಪು ಮಾಡಬೇಕಂತೆ. ವಿಷಯ: ಅಕೌಂಟೆನ್ಸಿ ಮೇಡಂ ನೋಟ್ಸ್ ಕೊಡುವುದಿಲ್ಲ, ಪಾಠ ಮುಗಿಸಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ.

‘ಅಣ್ಣಾರ, ನಿಮ್ಮ ಮನಿಯವರ ಮ್ಯಾಲ ಅದ್ರಿ. ನೀವು ಟೈಪ್ ಮಾಡ್ತೀರೇನು, ಬ್ಯಾರೆ ಕಡೆ ಹೋಗಲೇನ್ರಿ?’

ಬೇರೆ ಕಡೆ ಎಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ, ನನ್ನ ವೈರಿ. ಮನೆಯ ತಕರಾರು ಪರರ ಅಂಗಡಿಯಲ್ಲಿ ಟೈಪಾಗುವುದು ಮನೆತನಕ್ಕೆ ಶೋಭೆಯೇ? ಮಾಡಿಕೊಟ್ಟೆ. ಪ್ರಿಂಟರಿನಿಂದ ಹಾಳೆ ಹೊರಬರುವುದಕ್ಕೂ, ಹಳೆಯ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಲು ವೈನಿ ಬರುವುದಕ್ಕೂ ಸರಿಹೋಯಿತು. ಹಾಳೆ ಎತ್ತಿಕೊಂಡರು. ಓದಿದರು. ಹುಡುಗಿಯರು ಗೋಡೆಗೆ ಅಂಟಿದರು. ನಾನು ಪ್ರಿಂಟರಿನ ಹಿಂದೆ ಏನೋ ಹುಡುಕತೊಡಗಿದೆ. ವೈನಿ ಚೀಲದಿಂದ ಕೆಂಪು ಪೆನ್ನು ತೆಗೆದರು!

‘“ಎಲ್ಲಾ ವಿದ್ಯಾರ್ಥಿಗಳೂ” ಅಂತ ಬರದೀರಿ. ಎಲ್ಲಾರನ್ನೂ ಕೇಳೀರೇನು?’

‘ಇಲ್ರಿ ಮೇಡಂ.’

‘ಹಂಗಾರ ಕೇಳಿ ಬರ್ರಿ. “ಏನೂ ಕಲಿಸುವುದಿಲ್ಲ”, ಇದು ಸಿಟ್ಟಿನ ಮಾತು. ಯಾವ ಯಾವ ಪಾಠ ಉಳದಾವ, ಅವನ್ನ ಹೆಸರು ಹಿಡಿದು ಬರೀರಿ. ಓದಿದವರು ಇಲ್ಲ ಅನ್ನಬಾರದು, ಹಂಗಿರಬೇಕು.’

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಮಾರನೆಯ ದಿನ ತಿದ್ದಿದ ಅರ್ಜಿ ಬಂತು. ವೈನಿ ಮತ್ತೆ ಓದಿ ಮತ್ತೆ ಗೆರೆ ಎಳೆದರು. ಮೂರನೆಯ ಸಲ ಓದುತ್ತ ಓದುತ್ತ ಅವರ ಕಣ್ಣು ಹೊಳೆಯಿತು.

‘ಮೊದಲಿನದಕ್ಕಿಂತ ಭಾಳ ಗಟ್ಟಿ ಆಗ್ಯದ. ಆದ್ರ ಎರಡನೇ ಟೆಸ್ಟ್ ನಾ ತಡಾ ಮಾಡಿ ಕೊಟ್ಟೆ, ಅದನ್ನ ಯಾಕ ಬಿಟ್ಟೀರಿ? ಅದು ನಿಮ್ಮ ಛಲೋ ಪಾಯಿಂಟು!’

ಭಾಗ್ಯಶ್ರೀ ಅದನ್ನೂ ಬರೆದುಕೊಂಡಳು. ತನ್ನನ್ನು ತೂಗುಹಾಕುವ ಹಗ್ಗ ಸರಿಯಾಗಿ ಹೊಸೆದಿಲ್ಲವೆಂದು ತಾನೇ ಕೂತು ಹೊಸೆದುಕೊಟ್ಟವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೇ ಇದ್ದಾರೆ.

ವಿಷಯ ತಿಳಿದು ಅಣ್ಣ ಮೊದಲ ಸಲ ಮುಂದೆ ಸರಿಯದೆ ನಿಂತ.

‘ನಿನ್ನ ಮ್ಯಾಲಿನ ತಕರಾರು ನೀನೇ ತಿದ್ದಿ ಕೊಟ್ಟೆಂತಲ್ಲ, ಬುದ್ಧಿ ಅದನೋ ಇಲ್ಲೋ ನಿನಗ? ಈ ಸಲ ಶಿಫಾರಸು ಬರೀಲಿಲ್ಲಂದ್ರ?’

‘ತಪ್ಪಿದ್ದ ಅರ್ಜಿ ಹೋಗಿದ್ರ ನನ್ನ ಮರ್ಯಾದಿ ಏನಾಗಬೇಕಿತ್ರಿ? ನನ್ನ ಕ್ಲಾಸಿನ ಹುಡುಗರು ಬರದದ್ದದು!’

ಮಾತು ಜೋರಾಗಿಯೇ ಇತ್ತು. ಆದರೆ ಆ ಸಂಜೆ ರೊಟ್ಟಿ ಬಡಿಯುತ್ತ ವೈನಿ ಅವ್ವನನ್ನು ಕೇಳಿದ್ದು ನನಗೆ ಕೇಳಿಸಿತು. ‘ಅತ್ತಿ, ನಾ ಇಡೀ ದಿನ ಮನ್ಯಾಗ ಇದ್ರ ನಿಮಗ ಬ್ಯಾಸರಾ ಆಗ್ತದೇನ್ರಿ?’

ಅವ್ವ ಒಲೆಯ ಉರಿ ಸರಿಮಾಡಿದಳು. ‘ನನಗ್ಯಾಕ ಆಗ್ತದವ್ವ? ಆದ್ರ ನಿನಗ ಆಗ್ತದ’ ಎಂದಳು. ವೈನಿ ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡರು. ಆಮೇಲೆ ಅವತ್ತು ಇಡೀ ಮನೆಯಲ್ಲಿ ಯಾರೂ ಯಾರಿಗೂ ಪ್ರಶ್ನೆ ಕೇಳಲಿಲ್ಲ, ಅದೇ ಒಂಥರಾ ಭಯ ಹುಟ್ಟಿಸಿತು.

ಅರ್ಜಿ ತಲುಪಿ ಪ್ರಾಚಾರ್ಯರು ವೈನಿಯನ್ನೂ ಹುಡುಗಿಯರನ್ನೂ ಕರೆಸಿದ ದಿನ ನಾನು ಝೆರಾಕ್ಸ್ ಹಾಳೆಗಳ ಕಟ್ಟು ಕೊಡುವ ನೆಪ ಮಾಡಿ ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಪ್ರಾಚಾರ್ಯರು ಸಾಧು ಮನುಷ್ಯ. ಹುಡುಗರ ಅರ್ಜಿ ಎಂದರೆ ಅದರಲ್ಲಿ ಹತ್ತು ತಪ್ಪಿರುತ್ತವೆ, ಒಂದನ್ನು ಹಿಡಿದು ಬೈದು ಕಳಿಸಿದರಾಯಿತು, ಮೇಡಂನ ಕೆಲಸವೂ ಉಳಿಯಿತು, ತನ್ನ ನಿದ್ದೆಯೂ ಉಳಿಯಿತು ಎಂದು ಎಣಿಸಿದ್ದರು. ಓದಿದರು. ತಿರುಗಿಸಿ ಓದಿದರು. ಬೆವರು ಒರೆಸಿಕೊಂಡರು.

‘ಯಾರ ಕಡಿಂದ ಬರಿಸೀರಿ ಇದನ್ನ? ವಕೀಲರ ಕಡೆ ಹೋಗಿದ್ರೇನು?’

‘ಇಲ್ರಿ ಸರ್, ನಾವೇ ಬರದೇವ್ರಿ. ಮೇಡಂ ತಿದ್ದ್ಯಾರ್ರಿ’ ಎಂದಳು ಭಾಗ್ಯಶ್ರೀ.

‘ಯಾವ ಮೇಡಂ?’

‘ಇವರೇ ರೀ ಸರ್.’

ಪ್ರಾಚಾರ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ವೈನಿಯನ್ನು ನೋಡಿದರು. ‘ಮೇಡಂ, ಇದರಾಗ ಏನರ ಒಂದು ಸುಳ್ಳದೇನ್ರಿ? ಒಂದ್ ಸಣ್ಣದು ಇದ್ರೂ ನಡೀತದ.’ ಬೇಡಿಕೊಂಡ ಹಾಗಿತ್ತು.

‘ಇಲ್ಲ ಸರ್. ಎಲ್ಲಾ ಖರೇ ಅದ. ಸಾಕ್ಷಿನೂ ಸಾಕಷ್ಟದ.’

‘ಹಂಗಾರ ಮುಂದಿನ ವರ್ಷಕ್ಕ ನಾ ಶಿಫಾರಸು ಹೆಂಗ ಬರೀಲಿ, ನೀವೇ ಹೇಳ್ರಿ.’

ವೈನಿ ಅರ್ಜಿಯನ್ನೇ ನೋಡುತ್ತ ನಿಂತರು. ನನ್ನ ಕೈಯಲ್ಲಿದ್ದ ಕಟ್ಟು ಭಾರವಾಗತೊಡಗಿತು. ನಗುತ್ತ ನಗುತ್ತ ಇಲ್ಲಿಯ ತನಕ ಹೇಳಿಕೊಂಡು ಬಂದೆನಲ್ಲ, ಆ ಗಳಿಗೆಯಲ್ಲಿ ನನಗೆ ನಗು ಬರಲಿಲ್ಲ. ಸುಳ್ಳು ಹೇಳಿ ವೈನಿ, ಒಂದೇ ಒಂದು ಹೇಳಿ ಎಂದು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ.

‘ಸರ್, ಒಂದು ಮಾತ್ರಿ’ ಎಂದಳು ಭಾಗ್ಯಶ್ರೀ. ಅವಳ ದನಿ ನಡುಗುತ್ತಿತ್ತು. ‘ಅರ್ಜಿಯೊಳಗಿದ್ದದ್ದೆಲ್ಲಾ ಖರೇನೇ ಅದ್ರಿ. ಆದ್ರ ಅದರ ಮ್ಯಾಲಿಂದ ಮೇಡಂ ಹೋಗಬೇಕು ಅನ್ನೂದು ಬರಂಗಿಲ್ರಿ. ನಾವು ನೋಟ್ಸ್ ಕೇಳೇವಿ, ಉಳದ ಪಾಠ ಮುಗಸ್ರಿ ಅಂತ ಕೇಳೇವಿ. ಮೇಡಂನ ತಗೀರಿ ಅಂತ ಎಲ್ಲಿ ಕೇಳೇವ್ರಿ? ಅದಕ್ಕ ಆಧಾರ ಇಲ್ಲಂದ್ ಮ್ಯಾಲ ಮೇಡಂ ಇಲ್ಲೇ ಇರಬೇಕ್ರಿ ಸರ್.’

ಪ್ರಾಚಾರ್ಯರಿಗೆ ಮುಳುಗುವವನಿಗೆ ದಂಡೆ ಸಿಕ್ಕಂತಾಯಿತು. ‘ಬರೋಬ್ಬರಿ ಅದ! ಬರೋಬ್ಬರಿ ಹೇಳಿದಿ! ಮೇಡಂ ಜಾಸ್ತಿ ಕ್ಲಾಸ್ ತಗೊಂಡು ಪಾಠ ಮುಗಸ್ತಾರ, ನಾ ಶಿಫಾರಸು ಬರೀತೇನಿ’ ಎಂದು ಆಗಲೇ ಪೆನ್ನಿನ ಕ್ಯಾಪು ತೆಗೆದರು.

ಆಗ ನೋಡಿದೆ, ವೈನಿಯ ಹುಬ್ಬು ಮೇಲೇರಿತು. ಆ ಹುಬ್ಬು ನನಗೆ ಗೊತ್ತು, ಜೇವರ್ಗಿಯಲ್ಲಿ ನೋಡಿದ್ದೇನೆ. ಬಾಯಿ ಅರ್ಧ ತೆರೆಯಿತು. ಮುಗಿಯಿತು ಎಂದುಕೊಂಡೆ!

‘ಏನರ ಹೇಳೂದದೇನ್ರಿ ಮೇಡಂ?’

‘ಏನಿಲ್ಲ ಸರ್’ ಎಂದರು ವೈನಿ.

ನನ್ನ ಸ್ಕೂಟರಿನಲ್ಲೇ ಮನೆಗೆ ಹೊರಟೆವು. ನಾನು ಖುಷಿಯಿಂದ ಏನೇನೋ ಮಾತಾಡುತ್ತಿದ್ದೆ, ಪೇಢೆ ತಗೊಳ್ಳೋಣ ಎಂದೆ, ಅವ್ವ ಕುಣಿದಾಡ್ತಾಳೆ ಎಂದೆ. ಸಂತೆಯ ಗದ್ದಲ ದಾಟಿದ ಮೇಲೆ ವೈನಿ ಹೇಳಿದರು.

‘ಆ ಹುಡುಗಿ ಕಡೀಕೆ ಒಂದು ತಪ್ಪು ಮಾಡಿದ್ಳು ತಮ್ಮಾ.’

‘ಏನು ತಪ್ಪ್ರಿ?’

‘ಹೋಗಬೇಕು ಅನ್ನೂದಕ್ಕ ಆಧಾರ ಇಲ್ಲ, ಖರೇ. ಹಂಗಂತ ಇರಬೇಕು ಅನ್ನೂದು ಸಾಬೀತಾಗಂಗಿಲ್ಲ. ಅದಕ್ಕ ಬ್ಯಾರೆ ಆಧಾರ ಬೇಕು. ನಾ ತಿದ್ದಬೇಕಿತ್ತು, ತಿದ್ದಲಿಲ್ಲ.’

‘ಯಾಕ್ರಿ ವೈನಿ?’

ನನ್ನ ಭುಜದ ಮೇಲಿದ್ದ ಅವರ ಕೈ ಬಿಗಿಯಾಯಿತು.

‘ನನಗ ಆ ಕ್ಲಾಸು ಭಾಳ ಬೇಕೋ ತಮ್ಮಾ’ ಎಂದರು. ಅಷ್ಟು ಹೇಳುವಷ್ಟರಲ್ಲಿ ದನಿ ಒಡೆದುಹೋಯಿತು.

ನಾನು ತಿರುಗಿ ನೋಡಲಿಲ್ಲ, ನೋಡಬಾರದು ಎನ್ನಿಸಿತು. ನಮ್ಮ ಓಣಿಯ ತಿರುವು ಬಂದಾಗ ಒಳಗೆ ಹೋಗದೆ ಗಾಡಿಯನ್ನು ಸೀದಾ ಬಿಟ್ಟೆ. ಊರ ಹೊರಗಿನ ದಾರಿ ಹಿಡಿದು, ತೊಗರಿ ಹೊಲಗಳ ತನಕ ನಿಧಾನವಾಗಿ ಹೋಗಿ, ಹಾಗೆಯೇ ನಿಧಾನವಾಗಿ ವಾಪಸು ಬಂದೆ. ಮನೆ ಮುಟ್ಟುವ ಹೊತ್ತಿಗೆ ವೈನಿಯ ಕಣ್ಣು ಒಣಗಿದ್ದವು. ಇಷ್ಟು ಸುತ್ತಿ ಯಾಕೆ ಬಂದೆ ಎಂದು ಅವರು ಕೇಳಲಿಲ್ಲ.